ಕಾರಿನ ಮುಂದಿನ ಟೈರುಗಳ ಸವೆತ: ಬಂಟ್ವಾಳ ಸೀಮೆಯ ರಸ್ತೆಗಳ ಹಿನ್ನೆಲೆಯಲ್ಲಿ

ಕಾರಿನ ಮುಂದಿನ ಎರಡು ಟೈರುಗಳು ಹಿಂದಿನವುಗಳಿಗಿಂತ ಬೇಗ ಸವೆಯುವುದು, ಇಲ್ಲವೇ ಒಂದೇ ಅಂಚಿನಲ್ಲೋ ನಟ್ಟನಡುವೆಯೋ ಮಾತ್ರ ಸವೆದು ಅವಧಿಗೆ ಮೊದಲೇ ಬದಲಾಯಿಸಬೇಕಾಗಿ ಬರುವುದು ಎಲ್ಲ ಊರುಗಳಲ್ಲೂ ಇರುವ ತೊಂದರೆ. ದಕ್ಷಿಣ ಕನ್ನಡದ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲ್ಲೂಕುಗಳಲ್ಲಿ ಈ ತೊಂದರೆಗೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: ರಸ್ತೆ ಸರಿಯಿಲ್ಲ. ಈ ಉತ್ತರದಲ್ಲಿ ಸತ್ಯವಿದೆ, ಆದರೆ ಅರ್ಧದಷ್ಟು ಮಾತ್ರ. ಟೈರು ಬೇಗ ಸವೆಯುವುದಕ್ಕೂ ಓರೆಕೋರೆಯಾಗಿ ಸವೆಯುವುದಕ್ಕೂ ಕಾರಣಗಳು ಬೇರೆ ಬೇರೆ. ಮುಂದಿನ ಟೈರು ಬೇಗ ಸವೆಯುವುದು ಕಾರಿನ ರಚನೆಯಿಂದಲೂ ಗುಡ್ಡಗಾಡಿನ ಓಡಾಟದಿಂದಲೂ ಬರುವ ಸಹಜ ಪರಿಣಾಮ. ಅದನ್ನು ತಗ್ಗಿಸಬಹುದು, ಇಲ್ಲವಾಗಿಸಲು ಆಗದು. ಓರೆ ಸವೆತಕ್ಕೆ ಹೆಚ್ಚಿನ ಸಂದರ್ಭಗಳಲ್ಲಿ ಕಾರಣ ಚಕ್ರದ ಕೋನ, ಗಾಳಿಯ ಒತ್ತಡ ಅಥವಾ ಸಸ್ಪೆನ್ಷನ್‌ನ ದೋಷ. ರಸ್ತೆಯ ಹೊಂಡ ಟೈರನ್ನು ನೇರವಾಗಿ ತೇಯುವುದು ಕಡಿಮೆ. ಅದು ಚಕ್ರದ ಕೋನವನ್ನು ಕೆಡಿಸುತ್ತದೆ, ಕೆಟ್ಟ ಕೋನ ಒಳ್ಳೆಯ ರಸ್ತೆಯ ಮೇಲೂ ಟೈರನ್ನು ತೇಯುತ್ತಲೇ ಇರುತ್ತದೆ.

ಮುಂದಿನ ಚಕ್ರದ ಹೊರೆ

1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬರುವ ತನಕ ಭಾರತದ ರಸ್ತೆಗಳಲ್ಲಿ ಹೆಚ್ಚಾಗಿ ಕಾಣುತ್ತಿದ್ದ ಅಂಬಾಸಿಡರ್, ಪದ್ಮಿನಿ ಕಾರುಗಳಲ್ಲಿ ಎಂಜಿನ್ ಮುಂದಿದ್ದರೂ ಅದರ ಶಕ್ತಿ ಹಿಂದಿನ ಚಕ್ರಗಳಿಗೆ ಹೋಗುತ್ತಿತ್ತು. ಮುಂದಿನ ಚಕ್ರ ತಿರುಗಿಸುವ ಕೆಲಸ ಮಾಡುತ್ತಿತ್ತು, ಹಿಂದಿನದು ತಳ್ಳುವ ಕೆಲಸ. ಮಾರುತಿ 800ರ ನಂತರ ಬಂದ ಸಣ್ಣ ಕಾರುಗಳಲ್ಲಿ ಬಹುಪಾಲು ಮುಂದಿನ ಚಕ್ರದಿಂದ ಎಳೆಯಲ್ಪಡುವ ಮಾದರಿಯವು. ಇವುಗಳಲ್ಲಿ ಎಂಜಿನ್ ಮತ್ತು ಗೇರ್‌ಬಾಕ್ಸ್ ಎರಡೂ ಮುಂದಿನ ಆಕ್ಸಲ್ ಮೇಲಿರುವುದರಿಂದ ಖಾಲಿ ಕಾರಿನ ತೂಕದಲ್ಲಿ ಸುಮಾರು ಶೇ. 60 ಮುಂದಿನ ಟೈರುಗಳ ಮೇಲೆ ಬೀಳುತ್ತದೆ. ಎಳೆಯುವುದು, ತಿರುಗಿಸುವುದು, ಬ್ರೇಕಿನ ದೊಡ್ಡ ಪಾಲನ್ನು ಹೊರುವುದು, ಈ ಮೂರೂ ಅದೇ ಟೈರಿನ ಪಾಲು. ಬ್ರೇಕ್ ಒತ್ತಿದಾಗ ಹೊರೆ ಇನ್ನೂ ಮುಂದಕ್ಕೆ ಸರಿಯುತ್ತದೆ. ಸಾವಿರ ಕೆ.ಜಿ. ತೂಕದ, ಚಕ್ರಗಳ ನಡುವೆ ಸುಮಾರು 2.45 ಮೀಟರ್ ಅಂತರವಿರುವ, ಗುರುತ್ವಕೇಂದ್ರ ನೆಲದಿಂದ 55 ಸೆಂ.ಮೀ. ಮೇಲಿರುವ ಕಾರನ್ನು ಸಾಧಾರಣ ಗಟ್ಟಿಯಾಗಿ ಬ್ರೇಕ್ ಹಾಕಿ ನಿಲ್ಲಿಸಿದರೆ, ಲೆಕ್ಕದ ಪ್ರಕಾರ ಸುಮಾರು 65 ಕೆ.ಜಿ.ಯಷ್ಟು ಹೊರೆ ಹಿಂದಿನಿಂದ ಮುಂದಕ್ಕೆ ಬರುತ್ತದೆ. ಹಿಂದಿನ ಟೈರುಗಳಿಗೆ ಹೆಚ್ಚಾಗಿ ಇರುವ ಕೆಲಸ ಹಿಂಬಾಲಿಸುವುದಷ್ಟೆ. ಸಣ್ಣ ಕಾರುಗಳಲ್ಲಿ ಹಿಂದಿನ ಚಕ್ರದ ಕೋನಗಳು ಗಟ್ಟಿ ತೊಲೆಯಂಥ ಆಕ್ಸಲ್‌ಗೆ ಕಟ್ಟುಬಿದ್ದಿರುವುದರಿಂದ ಸುಲಭವಾಗಿ ಕೆಡುವುದೂ ಇಲ್ಲ. ಹಾಗಾಗಿ ಹಿಂದಿನ ಟೈರು ಚೆನ್ನಾಗಿದೆ, ಮುಂದಿನದು ಮಾತ್ರ ಹಾಳಾಗಿದೆ ಎಂಬುದರಿಂದ ಟೈರಿನ ಗುಣಮಟ್ಟದ ಬಗ್ಗೆ ಯಾವ ತೀರ್ಮಾನಕ್ಕೂ ಬರಲಾಗದು. ಅದೇ ರಸ್ತೆಗಳಲ್ಲಿ ಓಡುವ ಓಮ್ನಿ, ಈಕೋ, ಬೊಲೆರೊಗಳಲ್ಲಿ ಎಳೆತದ ಹೊರೆ ಹಿಂದಿನ ಟೈರುಗಳ ಮೇಲಿರುವುದು ಇದಕ್ಕೆ ಒಳ್ಳೆಯ ಹೋಲಿಕೆ. ಅಲ್ಲಿ ಮುಂದು ಹಿಂದಿನ ಸವೆತದ ಅಂತರ ಕಡಿಮೆಯಾಗುತ್ತದೆ, ಆದರೆ ಅಂಚು ತಿನ್ನುವ ಓರೆ ಸವೆತ ಮಾತ್ರ ಅವುಗಳ ಮುಂದಿನ ಟೈರನ್ನೂ ಬಿಡುವುದಿಲ್ಲ. ಎರಡು ಸವೆತಗಳ ಮೂಲ ಬೇರೆ ಎನ್ನಲು ಇದೊಂದು ಸಾಕ್ಷಿ.

ಉರುಳುವಿಕೆ ಮತ್ತು ಜಾರುವಿಕೆ

ನೇರವಾಗಿ ಉರುಳುವ ಚಕ್ರ ಬಹಳ ಕಡಿಮೆ ಸವೆಯುತ್ತದೆ. ಸವೆತ ಹುಟ್ಟುವುದು ರಬ್ಬರು ರಸ್ತೆಯ ಮೇಲೆ ಜಾರಿದಾಗ; ಗಂಧದ ಕೊರಡು ಸಾಣೆಕಲ್ಲಿನ ಮೇಲೆ ಕುಳಿತರೆ ಕರಗುವುದಿಲ್ಲ, ತೇದರೆ ಕರಗುತ್ತದೆ. ಚಕ್ರ ಮುಖಮಾಡಿದ ದಿಕ್ಕಿಗೂ ಅದು ನಿಜವಾಗಿ ಸಾಗುವ ದಿಕ್ಕಿಗೂ ಇರುವ ಸಣ್ಣ ಕೋನವೇ ಈ ತೇಯುವಿಕೆಯ ಅಳತೆ. ರಬ್ಬರಿನ ಸವೆತವನ್ನು ದೀರ್ಘಕಾಲ ಅಭ್ಯಾಸ ಮಾಡಿದ ಅಡಾಲ್ಫ್ ಶಾಲಮಾಖ್, ಟರ್ನರ್ ಎಂಬವರೊಡನೆ 1960ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೋನ ಸಣ್ಣದಿರುವಾಗ ಸವೆತ ಆ ಕೋನದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ ಎಂದು ತೋರಿಸಿದರು. ಕಾರಣ ಸರಳವಾಗಿದೆ: ಕೋನ ಹೆಚ್ಚಿದಂತೆ ಅಡ್ಡಬಲವೂ ಹೆಚ್ಚುತ್ತದೆ, ಜಾರುವ ದೂರವೂ ಹೆಚ್ಚುತ್ತದೆ, ಸವೆತ ಇವೆರಡರ ಗುಣಲಬ್ಧ. ಕೋನ ಎರಡು ಪಟ್ಟಾದರೆ ಅದರಿಂದಾಗುವ ಸವೆತ ನಾಲ್ಕು ಪಟ್ಟು. ಈ ಒಂದು ನಿಯಮವನ್ನು ಹಿಡಿದುಕೊಂಡರೆ ಬಂಟ್ವಾಳ ಸೀಮೆಯ ಟೈರುಗಳ ಕತೆ ಬಹುಮಟ್ಟಿಗೆ ಬಿಡಿಸಿಕೊಳ್ಳುತ್ತದೆ.

ಗ್ಯಾರೇಜಿನವರು ಟೋ ಎಂದು ಕರೆಯುವ ಕೋನವನ್ನು ಮೊದಲು ನೋಡಬಹುದು. ಮುಂದಿನ ಎರಡು ಚಕ್ರಗಳು ಮೂತಿಯ ಕಡೆ ಹತ್ತಿರವಾಗಿದ್ದರೆ ಟೋ ಇನ್, ದೂರವಾಗಿದ್ದರೆ ಟೋ ಔಟ್. ಸುಮಾರು 60 ಸೆಂ.ಮೀ. ವ್ಯಾಸದ ಟೈರುಗಳ ಮುಂತುದಿಗಳ ಅಂತರಕ್ಕೂ ಹಿಂತುದಿಗಳ ಅಂತರಕ್ಕೂ ಇರಬೇಕಾದದ್ದಕ್ಕಿಂತ 3 ಮಿ.ಮೀ. ವ್ಯತ್ಯಾಸ ಬಂದಿದೆ ಎನ್ನೋಣ. ಕಣ್ಣಿಗೆ ಕಾಣದ ಈ ವ್ಯತ್ಯಾಸದಿಂದ ಒಂದೊಂದು ಚಕ್ರವೂ ಪ್ರತಿ ಕಿಲೋಮೀಟರಿಗೆ ಎರಡೂವರೆ ಮೀಟರ್ ಅಡ್ಡಕ್ಕೆ ಎಳೆಯಲ್ಪಡುತ್ತದೆ. ಬಂಟ್ವಾಳದ ಬಿ.ಸಿ.ರೋಡಿನಿಂದ ಮಂಗಳೂರಿಗೆ ಸುಮಾರು 25 ಕಿ.ಮೀ.; ದಿನವೂ ಹೋಗಿ ಬರುವವರ ಟೈರು ದಿನಕ್ಕೆ 125 ಮೀಟರ್ ಅಡ್ಡಡ್ಡ ತೇಯುತ್ತದೆ. ಹತ್ತು ಸಾವಿರ ಕಿ.ಮೀ. ಮುಗಿಯುವಾಗ ಅದು 25 ಕಿ.ಮೀ. ಆಗುತ್ತದೆ. ಈ ದಾರಿಯ ಬಹುಭಾಗ ನಯವಾದ ಹೆದ್ದಾರಿ ಎಂಬುದನ್ನು ಗಮನಿಸಬೇಕು. ರಸ್ತೆ ಚೆನ್ನಾಗಿದ್ದ ಮಾತ್ರಕ್ಕೆ ಈ ತೇಯುವಿಕೆ ನಿಲ್ಲುವುದಿಲ್ಲ. ವ್ಯತ್ಯಾಸ 6 ಮಿ.ಮೀ.ಗೆ ಏರಿದರೆ ದೂರ ಎರಡು ಪಟ್ಟಾಗುತ್ತದೆ, ಸವೆತ ನಾಲ್ಕು ಪಟ್ಟಾಗುತ್ತದೆ.

ಸೀಮೆಯ ರಸ್ತೆಗಳು ಮಾಡುವುದೇನು

ಬಿ.ಸಿ.ರೋಡಿನಲ್ಲಿ ಎರಡು ಹೆದ್ದಾರಿಗಳು ಕವಲೊಡೆಯುತ್ತವೆ. ರಾಷ್ಟ್ರೀಯ ಹೆದ್ದಾರಿ 75 ಮಾಣಿ, ಉಪ್ಪಿನಂಗಡಿ ಹಾದು ಶಿರಾಡಿ ಘಾಟಿಯೇರಿ ಬೆಂಗಳೂರಿನತ್ತ ಹೋಗುತ್ತದೆ. ಹೆದ್ದಾರಿ 73 ಪುಂಜಾಲಕಟ್ಟೆ, ಗುರುವಾಯನಕೆರೆ, ಬೆಳ್ತಂಗಡಿ, ಉಜಿರೆಗಳ ಮೂಲಕ ಚಾರ್ಮಾಡಿ ಘಾಟಿಯನ್ನು ಹತ್ತಿ ಕೊಟ್ಟಿಗೆಹಾರ ಸೇರುತ್ತದೆ. ಮಂಗಳೂರಿನಿಂದ ಕಾರ್ಕಳದ ಕಡೆ ಹೋಗುವ ಹೆದ್ದಾರಿ 169 ಮೂಡುಬಿದಿರೆಯನ್ನು ಹಾದುಹೋಗುತ್ತದೆ. ಇವುಗಳ ನಡುವೆ ಸಿದ್ದಕಟ್ಟೆ, ವೇಣೂರುಗಳ ಮೂಲಕ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಪೇಟೆಗಳನ್ನು ಹೆಣೆಯುವ ರಸ್ತೆಗಳಿವೆ. ಅವುಗಳಿಂದ ಒಡೆದು ತೋಟದ ಮನೆಗಳಿಗೆ ಏರಿಳಿಯುವ ಕಿರುದಾರಿಗಳಿವೆ. ಈ ಮೂರು ಬಗೆಯ ದಾರಿಗಳು ಟೈರಿನ ಮೇಲೆ ಮಾಡುವ ಕೆಲಸ ಒಂದೇ ರೀತಿಯದಲ್ಲ.

ಘಾಟಿಯಲ್ಲಿ ಮುಖ್ಯವಾಗುವುದು ತಿರುವು ಮತ್ತು ವೇಗ. ಗುಡ್ಡಗಾಡಿನ ರಸ್ತೆಗಳಿಗೆ ಭಾರತೀಯ ರಸ್ತೆ ಕಾಂಗ್ರೆಸ್ ನೀಡಿದ ಮಾರ್ಗಸೂಚಿಯಲ್ಲಿ ಹೇರ್‌ಪಿನ್ ತಿರುವಿನ ವಿನ್ಯಾಸ ವೇಗ ಗಂಟೆಗೆ 20 ಕಿ.ಮೀ., ಒಳ ತಿರುವಿನ ಕನಿಷ್ಠ ತ್ರಿಜ್ಯ 14 ಮೀಟರ್. ಹದಿನೈದು ಮೀಟರ್ ತ್ರಿಜ್ಯದ ತಿರುವನ್ನು 20 ಕಿ.ಮೀ. ವೇಗದಲ್ಲಿ ದಾಟುವ ಕಾರಿನ ಮೇಲೆ, ರಸ್ತೆಯ ಒಳಬಾಗನ್ನು ಬಿಟ್ಟು ಲೆಕ್ಕಹಾಕಿದರೆ, ತೂಕದ ಐದನೇ ಒಂದು ಪಾಲಿನಷ್ಟು ಅಡ್ಡಬಲ ಬೀಳುತ್ತದೆ. ಅದನ್ನೇ 30 ಕಿ.ಮೀ. ವೇಗದಲ್ಲಿ ದಾಟಿದರೆ ಬಲ ತೂಕದ ಅರ್ಧದ ಹತ್ತಿರ ಹೋಗುತ್ತದೆ, ಅಂದರೆ ಎರಡೂಕಾಲು ಪಟ್ಟು. ಸವೆತ ಬಲದ ವರ್ಗಕ್ಕೆ ಸರಿಯಾಗಿ ಏರುವುದರಿಂದ ಅದು ಸುಮಾರು ಐದು ಪಟ್ಟು. ಗಂಟೆಗೆ ಹತ್ತು ಕಿ.ಮೀ. ಹೆಚ್ಚಿಸಿ ಉಳಿಸುವ ನಿಮಿಷಗಳಿಗೆ ಟೈರು ತೆರುವ ಬೆಲೆ ಇದು. ತಿರುವಿನಲ್ಲಿ ಕಾರು ಹೊರಕ್ಕೆ ವಾಲುವುದರಿಂದ ಈ ಸವೆತ ಎರಡೂ ಮುಂದಿನ ಟೈರುಗಳ ಹೊರ ಅಂಚಿನಲ್ಲಿ ಕಾಣಿಸಿಕೊಳ್ಳುತ್ತದೆ. ಇಳಿಯುವಾಗ ಇದರ ಜೊತೆಗೆ ಬ್ರೇಕಿನ ಹೊರೆಯೂ ಸೇರುತ್ತದೆ. ಕೆಳಗಿನ ಗೇರಿನಲ್ಲಿ ಇಳಿದರೆ ಬ್ರೇಕಿನ ಬಿಸಿ ತಗ್ಗುತ್ತದೆ, ಅದು ಸುರಕ್ಷತೆಗೆ ಅಗತ್ಯ. ಆದರೆ ಮುಂದಿನಿಂದ ಎಳೆಯುವ ಕಾರಿನಲ್ಲಿ ಎಂಜಿನ್ನಿನ ತಡೆಯೂ ಮುಂದಿನ ಟೈರಿನ ಮೂಲಕವೇ ನೆಲ ಮುಟ್ಟಬೇಕು.

ತೋಟದ ಮನೆಗಳ ದಾರಿಯ ಸಮಸ್ಯೆ ಏರಿನದು. ನೂರು ಮೀಟರಿಗೆ ಇಪ್ಪತ್ತು ಮೀಟರ್ ಏರುವ ಕಾಂಕ್ರೀಟ್ ದಾರಿಯಲ್ಲಿ ಹೊರೆ ಹಿಂದಕ್ಕೆ ಸರಿಯುತ್ತದೆ. ಜನ, ಸಾಮಾನು ತುಂಬಿದ ಕಾರಿನ ಮುಂದಿನ ಚಕ್ರಗಳ ಮೇಲೆ ಆಗ ಒಟ್ಟು ತೂಕದ ಶೇ. 45ರ ಆಸುಪಾಸು ಮಾತ್ರ ಉಳಿದಿದ್ದರೆ, ಅಷ್ಟರಿಂದಲೇ ಇಡೀ ಕಾರನ್ನು ಎಳೆಯಲು ಟೈರಿಗೆ ತನ್ನ ಮೇಲಿನ ಹೊರೆಯ ಶೇ. 44ರಷ್ಟು ಹಿಡಿತ ಬೇಕು. ಒಣ ಕಾಂಕ್ರೀಟಿನಲ್ಲಿ ಇದು ಸಿಗುತ್ತದೆ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಮೇಲೆ ಸಿಗದೆ ಹೋಗಬಹುದು. ಚಕ್ರ ನಿಂತಲ್ಲೇ ಸುತ್ತುವುದು, ಥಟ್ಟನೆ ಹಿಡಿತ ಸಿಕ್ಕಿ ಒರಟು ಕಾಂಕ್ರೀಟಿನ ಮೇಲೆ ಕೆರೆಯುವುದು ಇಲ್ಲಿ ನಡೆಯುತ್ತದೆ. ಮನೆಯ ಅಂಗಳದ ಇಂಟರ್‌ಲಾಕ್ ಮೇಲೆ, ಕಾರು ನಿಂತಿರುವಾಗಲೇ ಸ್ಟೀರಿಂಗನ್ನು ಕೊನೆಯತನಕ ತಿರುಗಿಸಿ ಹಿಂದೆ ಮುಂದೆ ಮಾಡುವ ಅಭ್ಯಾಸವೂ ಇದೇ ಬಗೆಯದು. ಪವರ್ ಸ್ಟೀರಿಂಗ್ ಬಂದ ಮೇಲೆ ಕೈಗೆ ಶ್ರಮ ಗೊತ್ತಾಗದು, ಟೈರಿನ ಭುಜ ಮಾತ್ರ ನೆಲಕ್ಕೆ ಒರೆಸಲ್ಪಡುತ್ತದೆ. ಕಾರು ಒಂದಿಷ್ಟು ಚಲಿಸುತ್ತಿರುವಾಗ ತಿರುಗಿಸಿದರೆ ಈ ಉಜ್ಜುವಿಕೆ ಬಹಳ ಕಡಿಮೆಯಾಗುತ್ತದೆ.

ಮೂರನೆಯದು, ಎಲ್ಲ ಬಗೆಯ ದಾರಿಗಳಲ್ಲೂ ಎದುರಾಗುವ ಹೊಂಡ. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಬೀಳುವ ಸೀಮೆಯಲ್ಲಿ ಹೊಂಡ ನೀರು ತುಂಬಿಕೊಂಡು ತನ್ನ ಆಳವನ್ನು ಮುಚ್ಚಿಡುತ್ತದೆ. ಬಿ.ಸಿ.ರೋಡ್–ಅಡ್ಡಹೊಳೆ ನಡುವಿನ ಚತುಷ್ಪಥ ಕಾಮಗಾರಿಯಂತೆ ವರ್ಷಗಟ್ಟಲೆ ಎಳೆದ ಕೆಲಸಗಳಲ್ಲಿ ಬದಲಿ ದಾರಿ, ಜಲ್ಲಿ, ಎತ್ತರ ತಗ್ಗಿನ ಅಂಚುಗಳು ವಾಹನ ಓಡಿಸುವವರಿಗೆ ಎದುರಾಗುತ್ತವೆ. ಒಂದೇ ಗಾಡಿ ಹಿಡಿಸುವ ಒಳರಸ್ತೆಗಳಲ್ಲಿ ಎದುರಿನ ಬಸ್ಸಿಗೆ ದಾರಿ ಬಿಡಲು ಎಡಗಡೆಯ ಚಕ್ರಗಳನ್ನು ಡಾಮರಿನಿಂದ ಕೆಂಪುಮಣ್ಣಿಗೆ ಇಳಿಸಿ ಮತ್ತೆ ಹತ್ತಿಸಬೇಕು. ಮಳೆನೀರು ಕೊರೆದ ಕಡೆ ಆ ಅಂಚು ಒಂದು ಮೆಟ್ಟಿಲಿನಷ್ಟು ಇರುತ್ತದೆ. ಇಂಥ ಹೊಡೆತ ಸ್ಟೀರಿಂಗಿನ ಟೈ ರಾಡ್ ಅನ್ನು ಬಾಗಿಸಬಹುದು, ಚಕ್ರದ ಡಿಸ್ಕನ್ನು ನೆಗ್ಗಿಸಬಹುದು, ಸಸ್ಪೆನ್ಷನ್‌ನ ಲೋವರ್ ಆರ್ಮ್ ಬುಷ್ಷನ್ನೂ ಬಾಲ್ ಜಾಯಿಂಟನ್ನೂ ಸಡಿಲಿಸಬಹುದು. ಮಳೆ ಹೆಚ್ಚಿರುವ ಕಡೆ ನೀರು ಹರಿದುಹೋಗಲೆಂದು ರಸ್ತೆಯನ್ನು ಅಂಚಿನತ್ತ ಇಳಿಜಾರಾಗಿ ಕಟ್ಟುವುದರಿಂದ ಕಾರು ಮೆಲ್ಲಗೆ ಎಡಕ್ಕೆ ಸರಿಯುತ್ತದೆ, ಓಡಿಸುವವರು ಗೊತ್ತಿಲ್ಲದೆಯೇ ಸ್ಟೀರಿಂಗನ್ನು ಬಲಕ್ಕೆ ಹಿಡಿದಿರುತ್ತಾರೆ. ಎಡಗಡೆಯ ಮುಂದಿನ ಚಕ್ರವನ್ನು ಮೊದಲು ಪರೀಕ್ಷಿಸುವುದು ಈ ಸೀಮೆಯಲ್ಲಿ ಒಳ್ಳೆಯ ರೂಢಿ.

ಸವೆತದ ಗುರುತುಗಳು

ಟೈರಿನ ಮೈಯೇ ಕಾರಣವನ್ನು ಹೇಳುತ್ತದೆ. ಒಂದೇ ಟೈರಿನ ಒಳ ಮತ್ತು ಹೊರ ಅಂಚು ಎರಡೂ ಸವೆದು ನಡು ಉಳಿದಿದ್ದರೆ ಗಾಳಿ ಕಡಿಮೆಯಾಗಿದೆ; ನಡು ಸವೆದು ಅಂಚು ಉಳಿದಿದ್ದರೆ ಗಾಳಿ ಹೆಚ್ಚಾಗಿದೆ. ಎರಡೂ ಟೈರುಗಳ ಹೊರ ಅಂಚು ಮಾತ್ರ ದುಂಡಗೆ ಸವೆದಿದ್ದರೆ ತಿರುವಿನ ವೇಗವನ್ನು ಅನುಮಾನಿಸಬೇಕು. ಅಂಗೈಯನ್ನು ಟೈರಿನ ಅಗಲಕ್ಕೆ ಸವರಿದಾಗ ಒಂದು ದಿಕ್ಕಿನಲ್ಲಿ ನಯವಾಗಿಯೂ ತಿರುಗಿ ಬರುವಾಗ ಗರಗಸದ ಹಲ್ಲಿನಂತೆ ಚೂಪಾಗಿಯೂ ಸಿಕ್ಕಿದರೆ ಅದು ಟೋ ಕೆಟ್ಟಿರುವ ಗುರುತು. ಟೋ ಇನ್ ಹೆಚ್ಚಾದರೆ ಹೊರ ಅಂಚು, ಟೋ ಔಟ್ ಹೆಚ್ಚಾದರೆ ಒಳ ಅಂಚು ಹೆಚ್ಚು ಸವೆಯುತ್ತದೆ. ಒಂದು ಅಂಚು ಚೂಪಿಲ್ಲದೆ ನುಣ್ಣಗೆ ಇಳಿಜಾರಾಗಿ ಸವೆದಿದ್ದರೆ ಚಕ್ರ ಒಳಕ್ಕೋ ಹೊರಕ್ಕೋ ವಾಲಿದೆ, ಅಂದರೆ ಕ್ಯಾಂಬರ್ ಸರಿಯಿಲ್ಲ. ಸುತ್ತಲೂ ಅಲ್ಲಲ್ಲಿ ಕುಳಿ ಬಿದ್ದಂತಿದ್ದರೆ ಶಾಕ್ ಅಬ್ಸಾರ್ಬರ್ ಸೋತಿದೆ ಅಥವಾ ಬ್ಯಾಲೆನ್ಸಿಂಗ್ ತಪ್ಪಿದೆ. ಚಕ್ರ ನೆಲಕ್ಕೆ ಒತ್ತಿ ನಿಲ್ಲದೆ ಕುಪ್ಪಳಿಸುತ್ತಿದೆ ಎಂದರ್ಥ. ಒಂದೇ ಜಾಗ ಚಪ್ಪಟೆಯಾಗಿದ್ದರೆ ಬ್ರೇಕ್ ಕಚ್ಚಿ ಚಕ್ರ ಸುತ್ತದೆ ಜಾರಿದ ಗುರುತು. 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆ ಬ್ರೇಕ್ ಕಚ್ಚದಂತೆ ತಡೆಯುವ ಎ.ಬಿ.ಎಸ್. ವ್ಯವಸ್ಥೆ ಕಡ್ಡಾಯವಾದ ಮೇಲೆ ಇದು ಅಪರೂಪವಾಗುತ್ತಿದೆ. ರಸ್ತೆ ಒರಟಾಗಿದೆ ಎಂಬ ಒಂದೇ ಕಾರಣದಿಂದ ಇಷ್ಟು ಬಗೆಯ ಗುರುತುಗಳು ಮೂಡಲಾರವು. ಒರಟು ರಸ್ತೆ ಟೈರಿನ ಇಡೀ ಅಗಲವನ್ನು ಹೆಚ್ಚುಕಡಿಮೆ ಸಮನಾಗಿ ತಿನ್ನುತ್ತದೆ. ಅಂಚನ್ನು ಆರಿಸಿ ತಿನ್ನುವುದು ಕೋನ.

ಎದುರುವಾದಗಳು

ಕಾರು ನೇರವಾಗಿಯೇ ಹೋಗುತ್ತದೆ, ಯಾವ ಕಡೆಗೂ ಎಳೆಯುವುದಿಲ್ಲ, ಹಾಗಾಗಿ ಅಲೈನ್‌ಮೆಂಟ್, ಅಂದರೆ ಚಕ್ರದ ಕೋನಗಳ ಹೊಂದಾಣಿಕೆ, ಸರಿಯಿದೆ ಎಂಬುದು ಸಾಮಾನ್ಯ ವಾದ. ಇದು ಸಾಲದು. ಟೋ ದೋಷವಿದ್ದಾಗ ಎರಡೂ ಚಕ್ರಗಳು ಎದುರುಬದುರಾಗಿ ಸಮನಾಗಿ ತಳ್ಳುತ್ತವೆ. ಒಂದರ ತಳ್ಳಾಟ ಇನ್ನೊಂದರದನ್ನು ಸರಿದೂಗಿಸುವುದರಿಂದ ಕಾರು ನೇರ ಸಾಗುತ್ತದೆ, ಎರಡೂ ಟೈರು ಒಟ್ಟಿಗೆ ಸವೆಯುತ್ತವೆ. ಎಳೆತ ಕಾಣಿಸುವುದು ಎಡಬಲಗಳಲ್ಲಿ ವ್ಯತ್ಯಾಸವಿದ್ದಾಗ ಮಾತ್ರ.

ಅಲೈನ್‌ಮೆಂಟ್ ಮಾಡಿಸಿದ ಮೇಲೂ ಸವೆತ ನಿಲ್ಲಲಿಲ್ಲ, ಆದ್ದರಿಂದ ಕೋನದ ಮಾತು ವ್ಯರ್ಥ ಎಂಬ ವಾದ ಇದಕ್ಕಿಂತ ಗಟ್ಟಿಯಾದದ್ದು. ಇದಕ್ಕೆ ಎರಡು ಉತ್ತರಗಳಿವೆ. ಅಲೈನ್‌ಮೆಂಟ್ ಯಂತ್ರ ನಿಂತ ಕಾರನ್ನು ಅಳೆಯುತ್ತದೆ. ಲೋವರ್ ಆರ್ಮಿನ ಬುಷ್ ಸಡಿಲಾಗಿದ್ದರೆ ಬ್ರೇಕ್ ಒತ್ತಿದಾಗ ಚಕ್ರ ಹಿಂದಕ್ಕೆ ಎಳೆದುಕೊಂಡು, ಆಕ್ಸಲರೇಟರ್ ಒತ್ತಿದಾಗ ಮುಂದಕ್ಕೆ ಸರಿದು ಟೋ ಪ್ರತಿ ಸಲವೂ ಬದಲಾಗುತ್ತದೆ. ನಿಂತಾಗ ತೆರೆಯ ಮೇಲೆ ಹಸಿರು ಬಂದ ಅಂಕಿ ಓಡುವಾಗ ಉಳಿದಿರುವುದಿಲ್ಲ. ಎರಡನೆಯದಾಗಿ, ಬಹುಪಾಲು ಸಣ್ಣ ಕಾರುಗಳ ಮುಂದಿನ ಸ್ಟ್ರಟ್ ಸಸ್ಪೆನ್ಷನ್‌ನಲ್ಲಿ ಟೋ ಮಾತ್ರ ಸುಲಭವಾಗಿ ತಿರುಗಿಸಿ ಸರಿಪಡಿಸುವಂಥದ್ದು. ಕ್ಯಾಂಬರ್ ತಪ್ಪಿದ್ದರೆ ಯಾವುದೋ ಭಾಗ ಬಾಗಿದೆ ಅಥವಾ ಸವೆದಿದೆ. ಆ ಭಾಗ ಬದಲಾಗದೆ ಅಂಕಿ ಬದಲಾಗದು. ಹಾಗಾಗಿ ಮೊದಲು ಬುಷ್, ಜಾಯಿಂಟುಗಳ ಅಲುಗಾಟ ಪರೀಕ್ಷೆ, ಬಳಿಕ ಬಿಡಿಭಾಗ, ಕೊನೆಗೆ ಅಲೈನ್‌ಮೆಂಟ್ ಎಂಬ ಕ್ರಮ ತಪ್ಪಬಾರದು. ಕ್ರಮ ತಪ್ಪಿದ ಅಲೈನ್‌ಮೆಂಟ್ ಫಲ ಕೊಡಲಿಲ್ಲ ಎಂಬುದು ಕೋನದ ವಾದಕ್ಕೆ ವಿರೋಧವಾಗದೆ ಪುಷ್ಟಿಯಾಗಿಯೇ ನಿಲ್ಲುತ್ತದೆ.

ಈ ಸೀಮೆಯ ಮಳೆಯೇ ಟೈರನ್ನು ತಿನ್ನುತ್ತದೆ ಎಂಬ ನಂಬಿಕೆಯೂ ಇದೆ. ನೀರು ರಬ್ಬರು ಮತ್ತು ರಸ್ತೆಯ ನಡುವೆ ಜಾರುಪದರವಾಗುವುದರಿಂದ ಒದ್ದೆ ರಸ್ತೆಯಲ್ಲಿ ಉಜ್ಜಿ ಸವೆಯುವುದು ಒಣ ರಸ್ತೆಗಿಂತ ಕಡಿಮೆ. ಮಳೆಯ ಹಾನಿ ಬೇರೆ ದಾರಿಯಿಂದ ಬರುತ್ತದೆ: ಒದ್ದೆ ರಬ್ಬರನ್ನು ಚೂಪು ಜಲ್ಲಿ ಸುಲಭವಾಗಿ ಕೊಯ್ಯುತ್ತದೆ, ನೀರು ಮುಚ್ಚಿದ ಹೊಂಡ ಸಸ್ಪೆನ್ಷನ್ನನ್ನು ಹೊಡೆಯುತ್ತದೆ. ಮಳೆಗಾಲದಲ್ಲಿ ಕೆಟ್ಟ ಕೋನ ಬೇಸಗೆಯ ಒಣ, ಬಿಸಿ ಡಾಮರಿನ ಮೇಲೆ ಟೈರನ್ನು ತೇಯುವುದರಿಂದ ದೋಷ ಬೇಸಗೆಯಲ್ಲಿ ಕಣ್ಣಿಗೆ ಬೀಳುತ್ತದೆ. ಹೊಂಡದ ಏಟು ತಡೆಯಲೆಂದು ಗಾಳಿ ಹೆಚ್ಚು ಹೊಡೆಸುವುದೂ, ಘಾಟಿಯಲ್ಲಿ ಹಿಡಿತಕ್ಕೆಂದು ಕಡಿಮೆ ಮಾಡುವುದೂ ಅಂಥದೇ ತಪ್ಪು ಲೆಕ್ಕಗಳು. ನೈಟ್ರೋಜನ್ ತುಂಬಿಸಿದರೆ ಓರೆ ಸವೆತ ನಿಲ್ಲುತ್ತದೆ ಎಂಬುದಕ್ಕೂ ಆಧಾರವಿಲ್ಲ. ಸಾಮಾನ್ಯ ಗಾಳಿಯಲ್ಲೇ ಶೇ. 78 ನೈಟ್ರೋಜನ್ ಇದೆ, ಕೋನದ ದೋಷಕ್ಕೂ ಒಳಗಿನ ಅನಿಲಕ್ಕೂ ಸಂಬಂಧವಿಲ್ಲ.

ತಡೆ ಮತ್ತು ನಿರ್ವಹಣೆ

ಟೈರು ತಾನಾಗಿಯೇ ತಿಂಗಳಿಗೆ ಒಂದೆರಡು ಪಿ.ಎಸ್.ಐ. ಗಾಳಿ ಕಳೆದುಕೊಳ್ಳುತ್ತದೆ. ಆದ್ದರಿಂದ ಎರಡು ವಾರಕ್ಕೊಮ್ಮೆ, ಟೈರು ತಣ್ಣಗಿರುವಾಗ, ಚಾಲಕನ ಬಾಗಿಲ ಬಳಿಯ ಚೀಟಿಯಲ್ಲಿರುವ ಒತ್ತಡಕ್ಕೆ ಗಾಳಿ ಹೊಡೆಸಬೇಕು. ತುಂಬಿದ ಹೊರೆಗೆ ಅಲ್ಲಿ ಬೇರೆ ಅಂಕಿಯಿದ್ದರೆ ಘಾಟಿ ಪ್ರಯಾಣಕ್ಕೆ ಅದನ್ನೇ ಅನುಸರಿಸಬೇಕು. ಸುಮಾರು 8,000ದಿಂದ 10,000 ಕಿ.ಮೀ.ಗೊಮ್ಮೆ ಮುಂದಿನ ಟೈರುಗಳನ್ನು ಹಿಂದಕ್ಕೂ ಹಿಂದಿನವನ್ನು ಮುಂದಕ್ಕೂ ಹಾಕಿಸಿದರೆ ನಾಲ್ಕೂ ಒಟ್ಟಿಗೆ ಸವೆಯುತ್ತವೆ. ಆದರೆ ಓರೆ ಸವೆತ ಕಂಡ ಮೇಲೆ ಕಾರಣ ಹುಡುಕದೆ ಅದಲುಬದಲು ಮಾಡಿಸಿದರೆ ದೋಷ ಮುಚ್ಚಿಹೋಗುತ್ತದೆ, ಎರಡರ ಬದಲು ನಾಲ್ಕು ಟೈರು ಹಾಳಾಗುತ್ತವೆ. ಅಲೈನ್‌ಮೆಂಟಿಗೆ ಈ ಸೀಮೆಯಲ್ಲಿ ಕಿಲೋಮೀಟರ್ ಲೆಕ್ಕದ ಜೊತೆಗೆ ಋತುವಿನ ಲೆಕ್ಕವೂ ಬೇಕು: ಮಳೆಗಾಲ ಮುಗಿದು ಹೊಂಡಗಳು ಮುಚ್ಚಿದ ಮೇಲೆ ಒಮ್ಮೆ, ಗಟ್ಟಿ ಏಟು ಬಿದ್ದ ಕೂಡಲೇ ಒಮ್ಮೆ. ಎರಡೇ ಹೊಸ ಟೈರು ಕೊಂಡರೆ ಅವನ್ನು ಹಿಂದಕ್ಕೆ ಹಾಕುವಂತೆ ಟೈರು ತಯಾರಕರು ಸಲಹೆ ಕೊಡುತ್ತಾರೆ. ಒದ್ದೆ ತಿರುವಿನಲ್ಲಿ ಹಿಂಭಾಗ ಜಾರಿದರೆ ಕಾರು ಕೈತಪ್ಪುತ್ತದೆ ಎಂಬುದು ಅದರ ಕಾರಣ.

ಹೊಸ ಕಾರು ಟೈರಿನ ಗೀರುಗಳು ಸಾಮಾನ್ಯವಾಗಿ 8 ಮಿ.ಮೀ. ಆಸುಪಾಸು ಆಳವಿರುತ್ತವೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಕಾರಿನ ಟೈರಿನಲ್ಲಿ ಈ ಆಳ 1.6 ಮಿ.ಮೀ.ಗಿಂತ ಕಡಿಮೆಯಾಗುವಂತಿಲ್ಲ, ಗೀರಿನ ತಳದಲ್ಲಿರುವ ಉಬ್ಬುಗೆರೆ ಟೈರಿನ ಮೇಲ್ಮೈಗೆ ಸಮನಾದಾಗ ಆ ಮಿತಿ ಬಂತೆಂದು ತಿಳಿಯಬೇಕು. ಓರೆ ಸವೆತದ ಅಪಾಯ ಇಲ್ಲಿಯೇ ಇದೆ. ಒಳ ಅಂಚು ಕಾರಿನ ಅಡಿಗೆ ಮರೆಯಾಗಿರುವುದರಿಂದ ಹೊರಗಿನಿಂದ ನೋಡಿದವರಿಗೆ ಟೈರು ಚೆನ್ನಾಗಿಯೇ ಕಾಣುತ್ತದೆ. ಸ್ಟೀರಿಂಗನ್ನು ಪೂರ್ತಿ ತಿರುಗಿಸಿ ನಿಲ್ಲಿಸಿ ಒಳ ಅಂಚನ್ನು ಕೈಯಿಂದ ಮುಟ್ಟಿ ನೋಡಲು ಎರಡು ನಿಮಿಷ ಸಾಕು. ಹೊಂಡ ಮುಚ್ಚಿಸಲು ಒತ್ತಾಯಿಸುವ ಹಕ್ಕು ರಸ್ತೆ ಬಳಸುವವರಿಗೆ ಇದ್ದೇ ಇದೆ. ಆದರೆ ಹೊಂಡ ಮುಚ್ಚಿದ ಮೇಲೂ ಅದು ಕೆಡಿಸಿಹೋದ ಕೋನ ಕಾರಿನಲ್ಲೇ ಉಳಿದಿರುತ್ತದೆ. ಅದನ್ನು ಸರಿಪಡಿಸದೆ ಹೊಸ ಟೈರು ಹಾಕಿಸುವವರು ಅದೇ ಸವೆತಕ್ಕೆ ಮತ್ತೊಮ್ಮೆ ಹಣ ಕೊಡುತ್ತಾರೆ.